ಗೇರ್‌ಬಾಕ್ಸ್ ಬಿಲ್ಲು ಯಾಕೆ ಏರ್ತಿದೆ? ಬೀಗದ ಕೈ ಯಾರ ಹತ್ತಿರ ಇದೆ ನೋಡಿ

ಜಾವಗಲ್ ಅಂದ್ರೆ ರಾಜ್ಯದ ಹೆಚ್ಚಿನವರಿಗೆ ನೆನಪಾಗೋದು ಕ್ರಿಕೆಟಿಗ ಶ್ರೀನಾಥ್. ಹೊಯ್ಸಳರ ಕಾಲದ ಬಗ್ಗೆ ಆಸಕ್ತಿ ಇರೋರಿಗೆ ಅಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ ನೆನಪಾಗಬಹುದು. ಆದರೆ ಅರಸೀಕೆರೆ ತಾಲ್ಲೂಕಿನ ಈ ಹೋಬಳಿ ಕೇಂದ್ರದ ದಿನನಿತ್ಯದ ಬದುಕು ನಡೆಯೋದು ಗಾಡಿಗಳ ಮೇಲೆ. ತೆಂಗಿನಕಾಯಿ, ಕೊಬ್ಬರಿ ಅರಸೀಕೆರೆಗೋ ತಿಪಟೂರಿಗೋ ಹೋಗಬೇಕು. ರೈಲು ಹತ್ತೋರು ಬಾಣಾವರಕ್ಕೆ ಹೋಗಬೇಕು. ಹಳೇಬೀಡು, ಬೇಲೂರಿನ ಕಡೆ ಬಾಡಿಗೆ ಸಿಕ್ಕಿದರೆ ಬಿಡೋ ಹಾಗಿಲ್ಲ. ಹೊಲಕ್ಕೆ ಟ್ರ್ಯಾಕ್ಟರ್ ಬೇಕೇ ಬೇಕು. ಇಂಥ ಊರಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಗಾಡಿಯ ಜೊತೆ ಆ ವಾರದ ಸಂಪಾದನೆಯೂ ನಿಲ್ಲುತ್ತೆ.

ಟೈರು, ಬ್ಯಾಟರಿ, ಎಂಜಿನ್ ಆಯಿಲ್ ಇವಕ್ಕೆಲ್ಲ ಗಾಡಿ ಇಟ್ಟವರು ಒಂದಿಷ್ಟು ದುಡ್ಡು ಎತ್ತಿಟ್ಟಿರ್ತಾರೆ. ಗೇರ್‌ಬಾಕ್ಸ್ ಬಿಲ್ಲು ಮಾತ್ರ ಹೇಳದೆ ಕೇಳದೆ ಬರುತ್ತೆ, ಬಂದಾಗ ದೊಡ್ಡದಾಗೇ ಬರುತ್ತೆ. ಇನ್ಶೂರೆನ್ಸ್ ಇದೆಯಲ್ಲ ಅನ್ನಬೇಡಿ. ಮಾಮೂಲಿ ಮೋಟಾರು ವಿಮೆ ಸವೆತಕ್ಕಾಗಲಿ, ಯಾಂತ್ರಿಕ ವೈಫಲ್ಯಕ್ಕಾಗಲಿ ದುಡ್ಡು ಕೊಡಲ್ಲ. ಈ ಬಿಲ್ಲು ಯಾಕೆ ಇಷ್ಟು ಏರಿದೆ ಅಂತ ಕೇಳಿದರೆ ಸಿಗೋ ಸಿದ್ಧ ಉತ್ತರ: "ಎಲ್ಲದರ ರೇಟೂ ಜಾಸ್ತಿ ಆಗಿದೆ." ಅದು ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಈ ಬಿಲ್ಲು ಬೆಲೆ ಏರಿಕೆಯ ವಿಷಯಕ್ಕಿಂತ ಹೆಚ್ಚಾಗಿ ಹಕ್ಕಿನ ವಿಷಯವಾಗಿ ಕಾಣುತ್ತೆ. ದುಡ್ಡು ಕೊಟ್ಟು ಕೊಂಡ ಗಾಡಿಯನ್ನು ಎಲ್ಲಿ, ಯಾರ ಕೈಲಿ ರಿಪೇರಿ ಮಾಡಿಸಬೇಕು ಅಂತ ತೀರ್ಮಾನ ಮಾಡೋರು ಯಾರು?

ಡಬ್ಬಿಯೊಳಗೆ ಏನಿದೆ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಗೇರ್‌ಬಾಕ್ಸನ್ನು ಅರ್ಧಕ್ಕೆ ಕೊಯ್ದು ಇಟ್ಟಿದ್ದರು. ನೋಡಿದರೆ ಹೆದರೋ ಅಂಥದ್ದೇನೂ ಅದರಲ್ಲಿ ಇರಲಿಲ್ಲ. ಹಲ್ಲಿನ ಚಕ್ರಗಳು, ಅವನ್ನು ಹೊತ್ತ ಶಾಫ್ಟ್‌ಗಳು, ಶಾಫ್ಟ್ ತಿರುಗೋಕೆ ಬೇರಿಂಗ್‌ಗಳು, ಎಣ್ಣೆ ಹೊರಗೆ ಬರದಂತೆ ತಡೆಯೋ ಸೀಲ್‌ಗಳು. ಜೊತೆಗೆ ಸಿಂಕ್ರೊನೈಜರ್ ರಿಂಗ್ ಅನ್ನೋ ಹಿತ್ತಾಳೆಯ ಬಳೆ. ನೀವು ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗ್ತಿರೋ ಎರಡು ಭಾಗಗಳನ್ನು ಒಂದೇ ವೇಗಕ್ಕೆ ತಂದು, ಕರಕರ ಸದ್ದಿಲ್ಲದೆ ಜೋಡಿಸೋದು ಇದರ ಕೆಲಸ. ಪ್ರತಿ ಸಲವೂ ಇದು ಒಂಚೂರು ಸವೆಯುತ್ತೆ. ಲೋಡು ಹೊತ್ತು ಹಾಫ್ ಕ್ಲಚ್‌ನಲ್ಲಿ ಏರು ಹತ್ತಿಸಿದರೆ ಕ್ಲಚ್ ಪ್ಲೇಟ್ ಬೇಗ ಸುಡುತ್ತೆ. ಕ್ಲಚ್ ಸರಿಯಾಗಿ ಬಿಡದಿದ್ದರೆ ಆ ಬಳೆಗೂ ಪೆಟ್ಟು.

ಇವೆಲ್ಲ ಮುಳುಗಿರೋದು ಗೇರ್ ಆಯಿಲಿನಲ್ಲಿ. ಸವೆದ ಲೋಹದ ಪುಡಿ ಸೇರಿ ಸೇರಿ ಆ ಎಣ್ಣೆಯೇ ಉಪ್ಪುಕಾಗದದ ಹಾಗೆ ಉಜ್ಜೋಕೆ ಶುರುಮಾಡುತ್ತೆ. ಕಾಲಕಾಲಕ್ಕೆ ಅದನ್ನು ಬದಲಿಸಿದರೆ ದೊಡ್ಡ ಖರ್ಚು ಮುಂದಕ್ಕೆ ಹೋಗುತ್ತೆ. ಸಣ್ಣ ಕಾರಿಗೆ ಎರಡು ಮೂರು ಲೀಟರ್ ಸಾಕು. ಟ್ರ್ಯಾಕ್ಟರಿನಲ್ಲಿ ಹಾಗಲ್ಲ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಗೇರ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಲಿಫ್ಟ್ ಮೂರಕ್ಕೂ ಒಂದೇ ಎಣ್ಣೆ, ಅದೂ ಹತ್ತಾರು ಲೀಟರ್. ಹಾಗಾಗಿ ಎಣ್ಣೆ ದರ ಏರಿದಾಗ ಕಾರಿನವರಿಗಿಂತ ರೈತರಿಗೆ ಬೀಳೋ ಪೆಟ್ಟು ದೊಡ್ಡದು. ಈ ಎಣ್ಣೆಯ ಮೂಲ ಕಚ್ಚಾ ತೈಲ, ಅದನ್ನು ನಾವು ಕೊಳ್ಳೋದು ಡಾಲರಿನಲ್ಲಿ. 2017ರ ಮಧ್ಯದಲ್ಲಿ ಒಂದು ಡಾಲರಿಗೆ ಸುಮಾರು 64 ರೂಪಾಯಿ ಇತ್ತು, 2025ರ ಸೆಪ್ಟೆಂಬರಿನಲ್ಲಿ 88ರ ಆಸುಪಾಸಿಗೆ ಬಂದಿತ್ತು. ಹೊರದೇಶದಿಂದ ಬರೋ ಬೇರಿಂಗು, ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೂ ಇದೇ ಲೆಕ್ಕ.

ತೆರಿಗೆ ಇಳೀತು, ಬಿಲ್ಲು?

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. 28% ತೆರಿಗೆ ಇದ್ದ ವಾಹನ ಬಿಡಿಭಾಗಗಳು 18%ಕ್ಕೆ ಬಂದವು. ಟ್ರ್ಯಾಕ್ಟರಿನ ಗೇರ್‌ಬಾಕ್ಸ್, ಕ್ಲಚ್ ಮುಂತಾದ ಭಾಗಗಳು 18%ರಿಂದ 5%ಕ್ಕೆ ಇಳಿದವು. ಒಂದು ಸರಳ ಲೆಕ್ಕ ಹಾಕೋಣ. ಮೂಲ ಬೆಲೆ 10,000 ರೂಪಾಯಿ ಇರೋ ಪಿಕಪ್ ಗಾಡಿಯ ಭಾಗಕ್ಕೆ ಮೊದಲು 12,800 ಕೊಡಬೇಕಿತ್ತು, ಈಗ 11,800. ಅದೇ ಬೆಲೆಯ ಟ್ರ್ಯಾಕ್ಟರ್ ಭಾಗಕ್ಕೆ ಮೊದಲು 11,800, ಈಗ 10,500.

ಒಳ್ಳೆಯದೇ. ಆದರೆ ಮೂರು ವಿಷಯ ಗಮನಿಸಿ. ಒಂದು, ಕಂಪನಿಯ ಸರ್ವೀಸ್ ಸೆಂಟರಿನ ಲೇಬರ್ ಚಾರ್ಜಿನ ಮೇಲಿನ 18% ಹಾಗೇ ಉಳೀತು. ಗೇರ್ ಆಯಿಲಿನ ಮೇಲಿನ 18% ಕೂಡ. ಗೇರ್‌ಬಾಕ್ಸ್ ಕೆಲಸದಲ್ಲಿ ಕೂಲಿಯ ಪಾಲು ದೊಡ್ಡದು, ಯಾಕಂದ್ರೆ ಐನೂರು ರೂಪಾಯಿಯ ಸೀಲ್ ಬದಲಿಸೋಕೂ ಪೂರ್ತಿ ಡಬ್ಬಿಯನ್ನು ಕೆಳಗಿಳಿಸಬೇಕಾಗಬಹುದು. ಎರಡು, ಮೂಲ ಬೆಲೆ ನಿರ್ಧರಿಸೋದು ಕಂಪನಿ. ಅದನ್ನೇ ಒಂದಿಷ್ಟು ಏರಿಸಿದರೆ ತೆರಿಗೆ ಇಳಿದದ್ದು ಗಿರಾಕಿಗೆ ಗೊತ್ತೇ ಆಗಲ್ಲ. ಮೂರನೆಯದು, ಯಾರೂ ಹೆಚ್ಚು ಮಾತಾಡದ ವಿಷಯ. ತೆರಿಗೆ ಇಳಿದರೂ ಬೆಲೆ ಇಳಿಸದ ಕಂಪನಿಗಳ ವಿರುದ್ಧ ದೂರು ಕೊಡೋಕೆ ಜಿಎಸ್‌ಟಿ ಕಾನೂನಿನಲ್ಲೇ ಅಕ್ರಮ ಲಾಭ ತಡೆಯೋ ವ್ಯವಸ್ಥೆ ಇತ್ತು. ಅದಕ್ಕೆ ಹೊಸ ದೂರು ತಗೊಳ್ಳೋದನ್ನು 2025ರ ಏಪ್ರಿಲ್ 1ರಿಂದ ನಿಲ್ಲಿಸಲಾಯಿತು. ಅಂದ್ರೆ ದರ ಇಳಿಯೋ ಆರು ತಿಂಗಳ ಮೊದಲೇ ಆ ಬಾಗಿಲು ಮುಚ್ಚಿತ್ತು.

ಊರಿನ ಗ್ಯಾರೇಜಿನ ಕಥೆ ಬೇರೆ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರೋ ಗ್ಯಾರೇಜು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅಲ್ಲಿ ಕೂಲಿಯ ಮೇಲೆ ತೆರಿಗೆ ಇಲ್ಲ. ಜಾವಗಲ್‌ನ ರಸ್ತೆ ಬದಿಯ ಮೇಸ್ತ್ರಿ ಅಗ್ಗ ಅನ್ನಿಸೋಕೆ ಇದೂ ಒಂದು ಕಾರಣ. ಆ ಮೇಸ್ತ್ರಿಯೇ ಈಗ ಈ ಕೆಲಸದಿಂದ ನಿಧಾನಕ್ಕೆ ಹೊರಗೆ ಬೀಳ್ತಿದ್ದಾರೆ.

ಬಳೆ ಕೇಳಿದರೆ ಡಬ್ಬಿ ಕೊಡ್ತಾರೆ

ಹಳೆಯ ಗಾಡಿಗಳಲ್ಲಿ ಯಾವ ಭಾಗ ಹೋಗಿದೆಯೋ ಅದನ್ನಷ್ಟೇ ಬದಲಿಸಬಹುದಿತ್ತು. ಬೇರಿಂಗ್ ನಂಬರ್ ಹಿಡಿದುಕೊಂಡು ಅರಸೀಕೆರೆಗೋ ಹಾಸನಕ್ಕೋ ಹೋದರೆ ಅಂಗಡಿಯಲ್ಲಿ ಸಿಗ್ತಿತ್ತು. ಶಾಫ್ಟ್ ಸವೆದಿದ್ದರೆ ಲೇತ್‌ನವರು ಸರಿ ಮಾಡಿ ಕೊಡ್ತಿದ್ದರು. ಈಗ ಎಷ್ಟೋ ಮಾಡೆಲುಗಳಲ್ಲಿ ಬಿಡಿ ಭಾಗವನ್ನು ಹೊರಗೆ ಮಾರೋದೇ ಇಲ್ಲ. "ಅಸೆಂಬ್ಲಿ ಮಾತ್ರ ಬರೋದು" ಅಂತಾರೆ. ಒಂದು ಬಳೆಯ ಜಾಗದಲ್ಲಿ ಜೋಡಿಸಿಟ್ಟ ಪೂರ್ತಿ ಸೆಟ್ ಕೊಳ್ಳಬೇಕು. ಹತ್ತು ಪರ್ಸೆಂಟ್ ತೆರಿಗೆ ಇಳಿದ ಲಾಭ ಇಲ್ಲೇ ಕರಗಿ ಹೋಗುತ್ತೆ.

ಇನ್ನೊಂದು ಬೀಗ ಸಾಫ್ಟ್‌ವೇರ್‌ನದು. ಭಾರತದಲ್ಲಿ ಎಎಂಟಿ ಗೇರ್‌ಬಾಕ್ಸ್ ಜನಸಾಮಾನ್ಯರ ಕಾರಿಗೆ ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೊ ಮೂಲಕ. ಎಎಂಟಿ ಅಂದ್ರೆ ಒಳಗಿರೋದು ಅದೇ ಹಳೆಯ ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತೋ, ಗೇರ್ ಹಾಕೋ ಕೆಲಸವನ್ನು ನಿಮ್ಮ ಕೈಕಾಲಿನ ಬದಲು ಒಂದು ಯಂತ್ರ ಮಾಡುತ್ತೆ, ಆ ಯಂತ್ರವನ್ನು ಒಂದು ಕಂಪ್ಯೂಟರ್ ಆಡಿಸುತ್ತೆ. ಕ್ಲಚ್ ಪ್ಲೇಟ್ ಬದಲಿಸೋಕೆ ನಮ್ಮೂರ ಮೇಸ್ತ್ರಿಗೆ ಬರುತ್ತೆ. ಆದರೆ ಹೊಸ ಪ್ಲೇಟ್ ಎಲ್ಲಿ ಹಿಡಿಯುತ್ತೆ, ಎಲ್ಲಿ ಬಿಡುತ್ತೆ ಅಂತ ಆ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಕಲಿಸಬೇಕು. ಆ ಸ್ಕ್ಯಾನರ್, ಅದರ ಸಾಫ್ಟ್‌ವೇರ್, ಪಾಸ್‌ವರ್ಡ್ ಕಂಪನಿಯವರ ಹತ್ತಿರ ಇರುತ್ತೆ. ಕೈಗೆ ಬರೋ ಕೆಲಸವನ್ನು ಸಾಫ್ಟ್‌ವೇರ್ ಬಿಡಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಸಾಮಾನ್ಯ ಗಾಡಿಗಳಲ್ಲೂ ಸೆನ್ಸರ್, ಎಲೆಕ್ಟ್ರಾನಿಕ್ಸ್ ಜಾಸ್ತಿ ಆಗಿವೆ. ಹೊಗೆ ಕಡಿಮೆಯಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗೆ ಕಡಿಮೆ ಮಾಡೋಕೂ ರಿಪೇರಿಯ ಮಾಹಿತಿ ಬಚ್ಚಿಡೋಕೂ ಸಂಬಂಧ ಇಲ್ಲ.

ಇದರ ಪೆಟ್ಟು ಬೆಂಗಳೂರಿಗೂ ಜಾವಗಲ್‌ಗೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಗಾಡಿ ಸರ್ವೀಸಿಗೆ ಬಿಟ್ಟು ಮೆಟ್ರೋ ಹತ್ತಬಹುದು. ಇಲ್ಲಿ ಗಾಡಿಯನ್ನು ಎಳೆಸಿಕೊಂಡು ಪಟ್ಟಣ ಸೇರಿಸಬೇಕು, ಭಾಗ ಬರೋವರೆಗೆ ಕಾಯಬೇಕು, ಅಲ್ಲಿವರೆಗೆ ಬಾಡಿಗೆ ಇಲ್ಲ. ಲೋನ್ ಕಂತು ಮಾತ್ರ ಕಾಯಲ್ಲ. ಈ ಖರ್ಚು ಯಾವ ಬಿಲ್ಲಿನಲ್ಲೂ ಬರೆದಿರಲ್ಲ.

2014ರಲ್ಲೇ ಬಂದ ಆದೇಶ

ಇದು ನಮ್ಮ ಕಲ್ಪನೆಯ ದೂರಲ್ಲ. ಶಂಶೇರ್ ಕಟಾರಿಯಾ ಅನ್ನೋರು ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಟಾಟಾ ಮೋಟಾರ್ಸ್, ಮಾರುತಿ, ಮಹೀಂದ್ರ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಬಿಡಿಭಾಗ, ದೋಷ ಪತ್ತೆಯ ಉಪಕರಣ, ರಿಪೇರಿ ಕೈಪಿಡಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿ ಸ್ಪರ್ಧೆಯನ್ನೇ ಇಲ್ಲವಾಗಿಸಿದ್ದಾರೆ ಅನ್ನೋದು ಆಯೋಗದ ತೀರ್ಮಾನ. ಇವೆಲ್ಲ ಮುಕ್ತವಾಗಿ ಸಿಗಬೇಕು ಅಂತ ಅದು ಹೇಳಿತು. ಇನ್ನೊಂದು ಮಾತನ್ನೂ ಹೇಳಿತು: ಹೊರಗಿನ ಗ್ಯಾರೇಜಿಗೆ ಹೋದರು ಅನ್ನೋ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಮಾಡೋ ಹಾಗಿಲ್ಲ. ಹೊರಗಿನ ತಪ್ಪು ರಿಪೇರಿಯಿಂದ ಎಷ್ಟು ಹಾನಿ ಆಗಿದೆಯೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು.

ಕಂಪನಿಗಳು ಕೋರ್ಟು, ಮೇಲ್ಮನವಿ ಅಂತ ಹೋದವು. ವರ್ಷಗಳು ಉರುಳಿದವು. "ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಗುತ್ತೆ" ಅನ್ನೋ ಮಾತು ಇವತ್ತೂ ಕೇಳಿಬರುತ್ತೆ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿನ' ಚೌಕಟ್ಟಿಗೆ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಇವು ನಾಲ್ಕು ಕ್ಷೇತ್ರಗಳು. ಆ ಡಿಸೆಂಬರ್ 24ರಂದು ಪೋರ್ಟಲ್ ಬಂತು. ಅದರಲ್ಲಿ ಸಿಗೋದು ಕಂಪನಿಗಳು ತಾವಾಗಿ ಹಾಕಿದ ಮಾಹಿತಿ. ಹಾಕದಿದ್ದರೆ ಶಿಕ್ಷೆ ಕೊಡೋ ಕಾನೂನು ಬರಲಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲೇ ರೈತರ ಯಂತ್ರಗಳಿಗೆ ರಿಪೇರಿ ಹಕ್ಕಿನ ಕಾನೂನು ಮಾಡಿತು. ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್ ವಿರುದ್ಧ ಇದೇ ವಿಷಯಕ್ಕೆ ಅಲ್ಲಿನ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ ಮೊಕದ್ದಮೆ ಹೂಡಿತು. ಐರೋಪ್ಯ ಒಕ್ಕೂಟದಲ್ಲಿ ಹೊರಗಿನ ಗ್ಯಾರೇಜುಗಳಿಗೆ ರಿಪೇರಿ ಮಾಹಿತಿ ಕೊಡಬೇಕು ಅನ್ನೋ ನಿಯಮ 2007ರದ್ದು.

ಹಾಸನದಲ್ಲೇ ಉತ್ತರ ಇದೆ

ಗೇರ್‌ಬಾಕ್ಸ್ ಇಷ್ಟು ಜಟಿಲ ಆಗಿರೋವಾಗ ಊರಲ್ಲಿ ರಿಪೇರಿ ಮಾಡೋಕೆ ಆಗುತ್ತಾ ಅನ್ನೋರು ಹಾಸನ ನೋಡಲಿ. ಕೆಎಸ್‌ಆರ್‌ಟಿಸಿಯ ಪ್ರಾದೇಶಿಕ ಕಾರ್ಯಾಗಾರ ಇರೋದು ಅಲ್ಲೇ. ಬಸ್ಸಿನಿಂದ ಇಳಿಸಿದ ದೊಡ್ಡ ಭಾಗಗಳನ್ನು ಬಿಚ್ಚಿ, ಸವೆದದ್ದು ಬದಲಿಸಿ, ಮತ್ತೆ ಓಡೋ ಹಾಗೆ ಮಾಡೋದು ಇಂಥ ಕಾರ್ಯಾಗಾರಗಳ ಕೆಲಸ. ಸರ್ಕಾರಕ್ಕೆ ತನ್ನ ಬಸ್ಸಿನ ಮೇಲೆ ಇರೋ ಈ ಅಧಿಕಾರ ಒಬ್ಬ ಪಿಕಪ್ ಡ್ರೈವರಿಗೆ ತನ್ನ ಗಾಡಿಯ ಮೇಲೆ ಇಲ್ಲ. ಸಾವಿರಾರು ಬಸ್ ಕೊಳ್ಳೋ ಸಂಸ್ಥೆ ಕಂಪನಿಯನ್ನು ಬಗ್ಗಿಸುತ್ತೆ, ಒಂದೇ ಗಾಡಿ ಕೊಂಡವರು ಬಗ್ಗಬೇಕಾಗುತ್ತೆ. ಅದಕ್ಕೇ ಕಾನೂನು ಬೇಕು.

ರಾಜ್ಯ ಸರ್ಕಾರ ಕೈಕಟ್ಟಿ ಕೂರಬೇಕಿಲ್ಲ. ಕೃಷಿ ಯಂತ್ರಗಳಿಗೆ ಸಬ್ಸಿಡಿ ಕೊಡುತ್ತೆ, 'ಕೃಷಿ ಯಂತ್ರಧಾರೆ' ಹೆಸರಲ್ಲಿ ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳನ್ನು ನಡೆಸುತ್ತೆ. ರಿಪೇರಿ ಕೈಪಿಡಿ, ಬಿಡಿಭಾಗ, ಸ್ಕ್ಯಾನರ್ ಹೊರಗಿನ ಗ್ಯಾರೇಜಿಗೂ ಕೊಡೋ ಕಂಪನಿಯ ಯಂತ್ರಕ್ಕೆ ಮಾತ್ರ ಸಬ್ಸಿಡಿ ಅಂತ ಒಂದು ಷರತ್ತು ಹಾಕಿದರೆ ಸಾಕು. ಹೋಬಳಿ ಕೇಂದ್ರದಲ್ಲಿ ಎಲ್ಲ ಮೇಸ್ತ್ರಿಗಳೂ ಬಳಸೋ ಹಾಗೆ ಒಂದು ಸ್ಕ್ಯಾನರ್ ಇಟ್ಟು, ಐಟಿಐ ಹುಡುಗ ಹುಡುಗಿಯರಿಗೆ ಅದರ ತರಬೇತಿ ಕೊಟ್ಟರೆ ಊರಲ್ಲೇ ಕೆಲಸವೂ ಉಳಿಯುತ್ತೆ.

ಅಲ್ಲಿವರೆಗೆ

ಮನೆಯಲ್ಲಿ ಗಾಡಿ ಇದ್ದರೆ ಇಷ್ಟು ಮಾಡಿ. ಗೇರ್ ಆಯಿಲ್ ಯಾವಾಗ, ಯಾವ ಗ್ರೇಡ್ ಅಂತ ಗಾಡಿಯ ಜೊತೆ ಬಂದ ಪುಸ್ತಕ ನೋಡಿ ಹೇಳಿ. ಜಿಎಲ್-4 ಹಾಕಬೇಕಾದ ಕಡೆ ಸಿಕ್ಕಿದ ಜಿಎಲ್-5 ಸುರಿದರೆ ಕೆಲವು ಎಣ್ಣೆಗಳ ರಾಸಾಯನಿಕ ಆ ಹಿತ್ತಾಳೆ ಬಳೆಯನ್ನು ತಿನ್ನುತ್ತೆ. "ಇದಕ್ಕೆ ಆಯಿಲ್ ಬದಲಿಸೋದೇ ಬೇಡ" ಅನ್ನೋ ಮಾತನ್ನು ಸುಮ್ಮನೆ ಒಪ್ಪಬೇಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸೋ ಜರ್ಮನಿಯ ಜೆಡ್‌ಎಫ್ ಕಂಪನಿಯೇ ತನ್ನ ಗೇರ್‌ಬಾಕ್ಸಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ ಎಣ್ಣೆ ಬದಲಿಸಿ ಅನ್ನುತ್ತೆ. ಕೆಲಸಕ್ಕೆ ಮೊದಲೇ ಭಾಗ, ಕೂಲಿ, ತೆರಿಗೆ ಬೇರೆ ಬೇರೆ ಬರೆದ ಅಂದಾಜು ಕೇಳಿ. ಬದಲಿಸಿದ ಹಳೆಯ ಭಾಗ ವಾಪಸ್ ಕೇಳಿ. ವಾರಂಟಿ ಇಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

ಮೋಸ ಅನ್ನಿಸಿದರೆ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ. ಬಾಡಿಗೆ ಗಾಡಿಗೆ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸೋಕೆ ಕೊಂಡ ಗಾಡಿಯಾದರೆ ಅವರೂ ಗ್ರಾಹಕರೇ ಅಂತ 2019ರ ಕಾಯ್ದೆಯೇ ಹೇಳುತ್ತೆ.

ಇವೆಲ್ಲ ಒಬ್ಬೊಬ್ಬರು ಮಾಡಿಕೊಳ್ಳೋ ರಕ್ಷಣೆ. ಪೆಟ್ರೋಲ್ ಬೆಲೆ ಎರಡು ರೂಪಾಯಿ ಏರಿದರೆ ಬೀದಿಗೆ ಬರೋ ಪಕ್ಷಗಳು ರಿಪೇರಿ ಹಕ್ಕಿನ ಬಗ್ಗೆ ಬಾಯಿ ಬಿಡಲ್ಲ, ಯಾಕಂದ್ರೆ ನಾವೂ ಕೇಳಿಲ್ಲ. ಮುಂದಿನ ಸಲ ನಿಮ್ಮ ಊರಿಗೆ ವೋಟು ಕೇಳೋಕೆ ಬಂದೋರನ್ನು ಇದನ್ನೊಂದು ಕೇಳಿ: ನಮ್ಮ ಗಾಡಿ ನಮ್ಮೂರಲ್ಲೇ ಬಿಚ್ಚಿಸೋಕೆ ಕಾನೂನು ಯಾವಾಗ ತರ್ತೀರಿ?