ಬುಧವಾರದ ಆ ಖಾಲಿ ಕುರ್ಚಿ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಒಂದು ಭಾನುವಾರವೂ ಚರ್ಚ್ ತಪ್ಪಿಸಲಿಲ್ಲ. ಮಂಗಳೂರಿನ ನಮ್ಮ ಸಿ.ಎಸ್.ಐ. ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕು ಮಾತನಾಡದೆ ಯಾರೂ ಮನೆಗೆ ಹೊರಡುವುದಿಲ್ಲ. ಇಲ್ಲಿ ಪಾದ್ರಿಯವರು ಬಾಗಿಲಲ್ಲಿ ಕೈಕುಲುಕಿ ಬೀಳ್ಕೊಟ್ಟರೆ ಮುಗಿಯಿತು. ಒಮ್ಮೆ ಜ್ವರದಿಂದ ಎರಡು ವಾರ ಹೋಗಲಾಗಲಿಲ್ಲ. ಏಕೆ ಬರಲಿಲ್ಲವೆಂದು ಕೇಳಿದವರೂ ಇರಲಿಲ್ಲ.

ಈ ಕೊರಗನ್ನು ಹೇಳಿಕೊಂಡಾಗ ಪಾದ್ರಿಯವರು ‘ಬುಧವಾರ ಸಂಜೆ ಬನ್ನಿ’ ಎಂದು ವಿಳಾಸವೊಂದನ್ನು ಬರೆದುಕೊಟ್ಟರು. ಅದು ‘ಹೌಸ್‌ಕ್ರೈಸ್’, ಅಂದರೆ ಮನೆಯ ಬಳಗ. ಎಂಟು-ಹತ್ತು ಮಂದಿ ಒಬ್ಬರ ಮನೆಯಲ್ಲಿ ಸೇರಿ, ಬೈಬಲಿನ ಒಂದು ಭಾಗವನ್ನು ಓದಿ, ತಮ್ಮ ತಮ್ಮ ಕಷ್ಟಸುಖ ಹೇಳಿಕೊಂಡು ಪ್ರಾರ್ಥಿಸುತ್ತಾರೆ.

ಈ ಸೀಮೆಗೆ ಇದು ಹೊಸತಲ್ಲ. ವ್ಯೂರ್ಟೆಂಬೆರ್ಗ್‌ನಲ್ಲಿ ಇಂಥ ಮನೆಕೂಟಗಳಿಗೆ ಕೆಲವು ನಿಬಂಧನೆಗಳೊಡನೆ ಅನುಮತಿ ದೊರೆತದ್ದು 1743ರಲ್ಲಿ. ಸರಿಯಾಗಿ ನೂರು ವರ್ಷಗಳ ಬಳಿಕ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಇದೇ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿ, 1881ರಲ್ಲಿ ಸಮೀಪದ ಎಸ್ಲಿಂಗನ್‌ನಲ್ಲಿ ತೀರಿಕೊಂಡವರು. ಅದನ್ನು ತಿಳಿದ ದಿನ ಈ ಊರು ತುಸು ಹತ್ತಿರವಾಯಿತು.

ಮೊದಮೊದಲು ಅವರ ಮಾತು ಅರ್ಧವೂ ಅರ್ಥವಾಗುತ್ತಿರಲಿಲ್ಲ. ತರಗತಿಯಲ್ಲಿ ಕಲಿತ ಜರ್ಮನ್ ಬೇರೆ, ಇಲ್ಲಿನ ಸ್ವಾಬಿಯನ್ ಆಡುನುಡಿ ಬೇರೆ. ಆದರೂ ಹೋಗುತ್ತಿದ್ದೆ. ಮೇಜಿನ ಬಳಿ ಒಂದು ಕುರ್ಚಿಯನ್ನು ನನಗೆಂದೇ ಬಿಟ್ಟಿರುತ್ತಿದ್ದರು.

ಮರುವರ್ಷದ ಜನವರಿಯಲ್ಲಿ ಅಪ್ಪ ತೀರಿಕೊಂಡರು. ವಿಮಾನ ಹಿಡಿದು ಊರು ತಲುಪುವಷ್ಟರಲ್ಲಿ ಅಂತ್ಯಕ್ರಿಯೆಯೇ ಮುಗಿಯುವಂತಿತ್ತು. ಮಣ್ಣು ಹಾಕುವುದನ್ನು ಮೊಬೈಲಿನಲ್ಲಿ ನೋಡಿದೆ. ಅಂದು ಬುಧವಾರವಲ್ಲ. ಆದರೂ ಸಂಜೆ ಬಾಗಿಲು ತೆರೆದಾಗ ಆರು ಮಂದಿ ನಿಂತಿದ್ದರು. ಒಬ್ಬರ ಕೈಯಲ್ಲಿ ಬಿಸಿ ಸೂಪಿನ ಪಾತ್ರೆ. ಯಾರೂ ಉಪದೇಶ ಹೇಳಲಿಲ್ಲ. ಬಹಳ ಹೊತ್ತಿನ ಬಳಿಕ ಗುಂಪಿನ ಹಿರಿಯಾಕೆ, ‘ನಿನ್ನ ಭಾಷೆಯಲ್ಲೇ ಪ್ರಾರ್ಥಿಸು, ನಾವು ಆಮೆನ್ ಎನ್ನುತ್ತೇವೆ’ ಎಂದರು. ಅಪ್ಪನಿಗಾಗಿ ಕನ್ನಡದಲ್ಲಿ ಪ್ರಾರ್ಥಿಸಿದೆ. ಒಂದು ಶಬ್ದವೂ ತಿಳಿಯದ ಆರು ಮಂದಿ ಕೊನೆಗೆ ಆಮೆನ್ ಎಂದರು. ಆಗ ಅಳು ಬಂತು.

ಇತ್ತ ಬರಲಿರುವವರಿಗೆ ಎರಡು ಮಾತು. ವಿಳಾಸ ನೋಂದಾಯಿಸುವಾಗ ಧರ್ಮ ಯಾವುದೆಂದು ಕೇಳುತ್ತಾರೆ. ಪ್ರೊಟೆಸ್ಟಂಟ್ ಅಥವಾ ಕ್ಯಾಥೊಲಿಕ್ ಎಂದು ಬರೆಸಿದರೆ, ಈ ರಾಜ್ಯದಲ್ಲಿ ನಿಮ್ಮ ಆದಾಯ ತೆರಿಗೆಯ ಶೇ 8ರಷ್ಟು ಮೊತ್ತ ಚರ್ಚ್ ತೆರಿಗೆಯಾಗಿ ಸಂಬಳದಿಂದ ಕಡಿತವಾಗುತ್ತದೆ; ಇದನ್ನು ಮೊದಲೇ ಅರಿತಿರಿ. ಇನ್ನೊಂದು, ಯಾರಾದರೂ ಕರೆಯಲಿ ಎಂದು ಕಾಯಬೇಡಿ. ನಾಚಿಕೆ ಬಿಟ್ಟು ನೀವೇ ಕೇಳಿ. ಇಲ್ಲಿ ಕೇಳದೆ ಇನ್ನೊಬ್ಬರ ಬದುಕಿನೊಳಗೆ ಬರುವುದನ್ನು ಅಗೌರವವೆಂದು ಭಾವಿಸುತ್ತಾರೆ. ನಾನು ಅದನ್ನೇ ತಾತ್ಸಾರವೆಂದು ತಿಳಿದಿದ್ದೆ.

‘ಅಲ್ಲಿ ನಿನಗೆ ಯಾರಿದ್ದಾರೆ ಮಗಾ?’ ಎಂದು ಅಮ್ಮ ಮೊದಲೆಲ್ಲ ಫೋನಿನಲ್ಲಿ ಕೇಳುತ್ತಿದ್ದರು. ಈಗ ಕೇಳುವುದು ಒಂದೇ: ‘ಬುಧವಾರ ಹೋಗಿದ್ದೆಯಲ್ಲ?’