ಮಕ್ಕಳ ಕಂಠಕ್ಕೆ ಒಪ್ಪುವ ಹಾಡು ಮತ್ತು ಶ್ರುತಿ

ತರಗತಿಯ ಹಾಡು ಸಾಮಾನ್ಯವಾಗಿ ಆರಂಭವಾಗುವುದು ಶಿಕ್ಷಕರ ಶ್ರುತಿಯಲ್ಲಿ. ಅದು ಮಕ್ಕಳಿಗೆ ಒಗ್ಗದಿದ್ದರೆ ಕೆಲವರು ಕಿರುಚುತ್ತಾರೆ, ಕೆಲವರು ಬರಿದೆ ತುಟಿಯಾಡಿಸುತ್ತಾರೆ. ಆಗ ‘ಈ ಮಗುವಿಗೆ ಕಂಠವಿಲ್ಲ’ ಎನ್ನುವುದು ಅವಸರದ ತೀರ್ಮಾನ. ಮನೆಯಲ್ಲಿ ತುಳು, ಮಲಯಾಳ, ತೆಲುಗು, ಮರಾಠಿ ಆಡುವ ಮಕ್ಕಳು ಕಲಿಯುವ ಗಡಿನಾಡಿನ ಶಾಲೆಗಳಲ್ಲಿ ನಷ್ಟವು ಸಂಗೀತದ್ದು ಮಾತ್ರವಲ್ಲ. ಹ್ರಸ್ವ ದೀರ್ಘಗಳೂ ಒತ್ತಕ್ಷರಗಳೂ ಅಂಥ ಮಕ್ಕಳ ನಾಲಗೆಗೆ ಹತ್ತುವುದು ಬಹುಮಟ್ಟಿಗೆ ಹಾಡಿನಿಂದ. ಸ್ವರ ಅತಿಯಾಗಿ ಏರಿದಾಗ ಇಕಾರ ಎಕಾರಗಳ ಭೇದ ಮಸುಕಾಗುತ್ತದೆ. ಅತಿಯಾಗಿ ಇಳಿದಾಗ ಪದದ ಕೊನೆಯ ಅಕ್ಷರವೇ ಕೇಳಿಸದು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವಿರುವುದು ಅಲ್ಲಿಯೇ.

ಹಾಡು ಎಲ್ಲಿಂದ ತೊಡಗುತ್ತದೆ ಎಂಬುದಕ್ಕಿಂತ ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲಿಯವರೆಗೆ ಏರುತ್ತದೆ ಎಂಬುದು ಮುಖ್ಯ. ದಿನವೂ ಹಾಡುವ ರಾಷ್ಟ್ರಗೀತೆ ಮಂದ್ರ ನಿಷಾದಕ್ಕೆ ಇಳಿದು, ಕೊನೆಯ ಜಯಘೋಷದಲ್ಲಿ ತಾರ ಷಡ್ಜವನ್ನು ಮುಟ್ಟುತ್ತದೆ. ಹಾರ್ಮೋನಿಯಂನ ಮಧ್ಯ ಸ್ಥಾಯಿಯ ಬಿಳಿ ಒಂದನ್ನು ಷಡ್ಜವಾಗಿಸಿಕೊಂಡರೆ ಪ್ರಾಥಮಿಕ ತರಗತಿಯ ಬಹುಪಾಲು ಮಕ್ಕಳಿಗೆ ಎರಡು ತುದಿಗಳೂ ಎಟುಕುತ್ತವೆ. ಶಿಕ್ಷಕಿಯರ ಶ್ರುತಿ ಅನೇಕ ವೇಳೆ ಅದಕ್ಕಿಂತ ಕೆಳಗಿನ ಬಿಳಿ ಐದರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ತೊಡಗಿದರೆ ಮಕ್ಕಳಿಗೆ ಕೆಳಗಿನ ಸ್ವರಗಳು ಸಿಗವು. ಶಿಕ್ಷಕರು ಬಿಳಿ ಒಂದರಲ್ಲೇ ಹಾಡಿದರೂ ಅವರ ದನಿ ಮಕ್ಕಳದಕ್ಕಿಂತ ಒಂದು ಸ್ಥಾಯಿ ಕೆಳಗಿರುವುದರಿಂದ ಕೆಲವು ಮಕ್ಕಳು ಅದನ್ನೇ ಅನುಕರಿಸಲು ಹೋಗಿ ಗೊಣಗುತ್ತಾರೆ. ದನಿ ಸ್ಪಷ್ಟವಾಗಿರುವ ಒಂದು ಮಗುವಿನಿಂದ ಮೊದಲ ಸಾಲನ್ನು ಹಾಡಿಸಿ, ಉಳಿದವರು ಅದನ್ನು ಹಿಡಿಯುವಂತೆ ಮಾಡಿದರೆ ಈ ಗೊಂದಲ ನೀಗುತ್ತದೆ. ಹಾರ್ಮೋನಿಯಂ ಇಲ್ಲದ ಶಾಲೆಗೆ ಶ್ರುತಿಪೆಟ್ಟಿಗೆ ಸಾಕು. (ಕರಾವಳಿಯ ಭಾಗವತರ ಕಪ್ಪು ಎರಡು, ಸೊಲ್ಲಾಪುರದ ಕಡೆಯ ಕಾಳೀ ದೋನ್, ತಮಿಳುನಾಡಿನ ಎರಡೂವರೆ ಕಟ್ಟೆ, ಮೂರೂ ಒಂದೇ ಮನೆ.)

ಧ್ವನಿಸುರುಳಿಗಳಲ್ಲಿ ಕೇಳಿಬರುವ ಎಷ್ಟೋ ಭಾವಗೀತೆಗಳ ಧಾಟಿ ನುರಿತ ಗಾಯಕರಿಗಾಗಿ ಕಟ್ಟಿದುದು. ಒಂದೂವರೆ ಸ್ಥಾಯಿಯವರೆಗೂ ಹರಡಿಕೊಳ್ಳುತ್ತದೆ. ಕವಿತೆ ಎಷ್ಟೇ ದೊಡ್ಡದಾಗಿರಲಿ, ಆ ಧಾಟಿಯನ್ನು ಮೂರನೆಯ ತರಗತಿಗೆ ಹೇರುವುದು ಸಲ್ಲದು. ಕವಿತೆಯನ್ನು ಓದಿಸಿ, ಸರಳವಾದ ಬೇರೊಂದು ಧಾಟಿಯಲ್ಲಿ ಹಾಡಿಸಬಹುದು. ಬೀಸುವ ಪದ, ಸೋಬಾನೆ, ಜೋಗುಳಗಳು ಬಹುಮಟ್ಟಿಗೆ ಐದಾರು ಸ್ವರಗಳೊಳಗೇ ಸುತ್ತುತ್ತವೆ. ದುಡಿಯುತ್ತ ಗಂಟೆಗಟ್ಟಲೆ ಹಾಡಬೇಕಾದವರಿಗೆ ಉಸಿರಿನ ಮಿತವ್ಯಯ ತಿಳಿದಿತ್ತು. ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿ ಕಲಿಯುವ ಶಾಲೆಗೆ ಇವುಗಳಿಗಿಂತ ಉಪಯುಕ್ತವಾದ ಹಾಡುಗಳು ವಿರಳ. ಕಾಸರಗೋಡಿನ ಮಕ್ಕಳು ಯಕ್ಷಗಾನದ ಪದಗಳನ್ನು ಭಾಗವತರ ಏರುಶ್ರುತಿಯಲ್ಲೇ ಹಾಡಲು ಹವಣಿಸುವುದುಂಟು. ಶ್ರುತಿಯನ್ನು ಎರಡು ಮೂರು ಮನೆ ಇಳಿಸಿದರೆ ಪದಕ್ಕೆ ಕುಂದಿಲ್ಲ, ಗಂಟಲೂ ಉಳಿಯುತ್ತದೆ.

ಹೆಚ್ಚಿನ ಎಚ್ಚರ ಬೇಕಾದುದು ಸುಮಾರು 12ರಿಂದ 15 ವರ್ಷದ ಹುಡುಗರ ವಿಷಯದಲ್ಲಿ. ಧ್ವನಿಪೆಟ್ಟಿಗೆ ಬೆಳೆದು ದನಿ ಕ್ರಮೇಣ ಒಂದು ಸ್ಥಾಯಿಯಷ್ಟು ಇಳಿಯುತ್ತದೆ, ನಡುವೆ ಒಡೆಯುತ್ತದೆ. ಸಹಪಾಠಿಗಳು ನಗುತ್ತಾರೆ, ಹುಡುಗ ಹಿಂದಿನ ಸಾಲಿಗೆ ಸರಿಯುತ್ತಾನೆ. ಅವನಿಗಿರುವ ಕನ್ನಡದ ಒಡನಾಟ ಶಾಲೆಯಷ್ಟೇ ಆಗಿದ್ದಲ್ಲಿ ಈ ಮೌನ ದುಬಾರಿಯಾದುದು. ಅಂಥವರಿಗೆ ನಾಲ್ಕೈದು ಸ್ವರಗಳ ಪಲ್ಲವಿಯನ್ನು ತಗ್ಗಿದ ದನಿಯಲ್ಲಿ ಒಪ್ಪಿಸಿ, ಏರುವ ಚರಣಗಳನ್ನು ಉಳಿದವರಿಗೆ ಬಿಡಬಹುದು. ದನಿ ನೋಯುವ ದಿನ ತಾಳ ಹಾಕಿಸಬಹುದು. ಹೊಂದಿಸಿದ ಶ್ರುತಿಯನ್ನು ಹಾಡಿನ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಏಳನೆಯ ತರಗತಿಗೆ ಜೂನ್ ತಿಂಗಳಲ್ಲಿ ಒಪ್ಪಿದ ಮನೆ ಜನವರಿಯ ಹೊತ್ತಿಗೆ ಒಪ್ಪದಿರಬಹುದು.