ಹಳೇ ಆಟದ ಇಂಜಿನ್‌ಗೆ ಅಸಲಿ ಮುಖ

ಇದು ಅಮೆರಿಕದ ಅಥರ್ನ್ ಕಂಪನಿಯ ಹಳೇ ಮಾಡೆಲ್, ಜಿಪಿ9 ಅನ್ನೋ ಡೀಸೆಲ್ ರೈಲು ಇಂಜಿನ್‌ನದು. ಅಸಲಿ ಇಂಜಿನ್‌ನ 87ರಲ್ಲಿ ಒಂದು ಪಾಲು ಅನ್ನೋ ಲೆಕ್ಕ. ಆದರೆ ಮೇಲಿನ ಕವಚ, ಅಂದ್ರೆ ಹುಡ್ ಮಾತ್ರ ಅದಕ್ಕಿಂತ ಅಗಲ. ಆಗಿನ ದಪ್ಪ ಮೋಟರ್ ಒಳಗೆ ಕೂರಬೇಕಿತ್ತಲ್ಲ! ಅದನ್ನ ಕೊಯ್ದು ಸಣ್ಣ ಮಾಡೋರಿದ್ದಾರೆ, ನಾನಂತೂ ಆ ಗೋಜಿಗೆ ಹೋಗಲ್ಲ. ನೋಡೋರ ಕಣ್ಣು ಬೀಳೋದು ಮುಖದ ಮೇಲೆ.

ನಮಗೆ ಬೇಕಿರೋದು ಅಮೆರಿಕದ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯ ಇಂಜಿನ್. ಮೊದಲು ಅದು ಓಡುತ್ತಿದ್ದ ಕಾಲದ ಫೋಟೊ ಎದುರಿಗಿಟ್ಕೊಳ್ಳಿ. ಪ್ಲಾಸ್ಟಿಕ್‌ನಲ್ಲೇ ಅಚ್ಚಾಗಿರೋ ಹಿಡಿಕೆಗಳನ್ನ ಬ್ಲೇಡಿನಿಂದ ಹೆರೆದುಬಿಡಿ. ಆ ಜಾಗದಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು, ತಂತಿ ಬಗ್ಗಿಸಿ ಕೂರಿಸಿ. ಮೂತಿಗೆ ಹೆಚ್ಚುವರಿ ದೀಪಗಳು. ಬೂದು ಮೈ, ಕಡುಗೆಂಪು ಮೂತಿ, ಇದು 1958ರಿಂದಾಚೆಯ ಬಣ್ಣ.

ಕೊನೆಗೆ ಆಲ್ಕೋಹಾಲ್‌ಗೆ ಎರಡು ಹನಿ ಇಂಡಿಯಾ ಇಂಕ್ ಬೆರೆಸಿ ಬಳಿದರೆ, ಗ್ರಿಲ್ ಸಂದಿಯಲ್ಲಿ ಮಸಿ ನಿಲ್ಲುತ್ತೆ. ಇಂಜಿನ್ ತೊಳೆಯೋದರಲ್ಲಿ ಸದರ್ನ್ ಪೆಸಿಫಿಕ್‌ನವರು ಆಮೇಲಾಮೇಲೆ ಅಷ್ಟಕ್ಕಷ್ಟೇ, ಕೊಳೆ ಧಾರಾಳವಾಗಿರಲಿ.